ಕಾಲರ್ ಕೂಡಿಸಿದವರು

ಎಪ್ಪತ್ತೆರಡಾದರೂ ಪ್ರಭಾ ಕೂತಲ್ಲಿ ಕೂರುವವರಲ್ಲ. ಅಮೆರಿಕದ ಲಿಟಲ್ ಎಲ್ಮ್‌ನ ಮನೆಯಲ್ಲಿ ಬೆಳಿಗ್ಗೆ ಮಡಚಿಟ್ಟ ಬಟ್ಟೆಯನ್ನು ಮಧ್ಯಾಹ್ನ ಬಿಚ್ಚಿ ಮತ್ತೆ ಮಡಚುತ್ತಿದ್ದರು. ಗಂಡ ಅರವಿಂದ್ ನಿವೃತ್ತ ಡಾಕ್ಟರ್.

ಧಾರವಾಡದಿಂದ ಮದುವೆಯಾಗಿ ಇಂಗ್ಲೆಂಡಿನ ಲೆಸ್ಟರ್‌ಗೆ ಹೋದಾಗ ಪ್ರಭಾಗೆ ಇಪ್ಪತ್ಮೂರು. ಗಂಡನಿಗೆ ಸದಾ ಆಸ್ಪತ್ರೆ. ಖಾಲಿ ಮನೆಯಲ್ಲಿ ಇರಲಾರದೆ ಸ್ವೆಟರ್ ಫ್ಯಾಕ್ಟರಿ ಸೇರಿದರು. ದುಂಡನೆಯ ಯಂತ್ರದ ಸುತ್ತ ಮುಳ್ಳಿನಂಥ ಮೊನೆಗಳು; ಕಾಲರಿನ ಒಂದೊಂದೇ ಕುಣಿಕೆಯನ್ನು ಅವಕ್ಕೆ ಸಿಕ್ಕಿಸಿ ಸ್ವೆಟರಿಗೆ ಕೂಡಿಸಬೇಕು. ಒಂದು ತಪ್ಪಿದರೂ ಕುತ್ತಿಗೆ ಬಿಚ್ಚಿಕೊಳ್ಳುತ್ತಿತ್ತು. ಹದಿನಾಲ್ಕು ವರ್ಷ ಅದನ್ನೇ ಮಾಡಿದರು. ಆಮೇಲೆ ಲಂಡನ್ ಅಂಗಡಿಗಳ ಆರ್ಡರುಗಳು ಅಗ್ಗದ ಕೂಲಿಯ ದೇಶಗಳ ಪಾಲಾದವು, ಫ್ಯಾಕ್ಟರಿ ಮುಚ್ಚಿತು. ಅರವಿಂದ್‌ಗೆ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕೆಲಸವಾಯಿತು; ನಿವೃತ್ತಿಯಾದ ಮೇಲೆ ಲಿಟಲ್ ಎಲ್ಮ್‌ಗೆ ಬಂದರು. ಪ್ರಭಾ ಕೈಗೆ ಮತ್ತೆ ಕೆಲಸ ಸಿಗಲಿಲ್ಲ.

ಈ ವರ್ಷ ಕನ್ನಡ ಸಂಘದ ಊಟದಲ್ಲಿ ಮೈಸೂರಿನ ನಿಶಿತಾ ಪರಿಚಯವಾದಳು. ಆಸ್ಟಿನ್ನಿನಲ್ಲಿ ಉಡುಪಿನ ಇತಿಹಾಸ ಓದುತ್ತ, ಬ್ರಿಟಿಷ್ ಸ್ವೆಟರುಗಳ ಪ್ರದರ್ಶನವೊಂದನ್ನು ಸಿದ್ಧಮಾಡುತ್ತಿದ್ದಳು. ಕಾಲುಚೀಲ, ಬನಿಯನ್ ಹೆಣೆಯುತ್ತಿದ್ದ ಊರುಗಳೇ ಮುಂದೆ ಫ್ಯಾಷನ್ ಅಂಗಡಿಗಳಿಗೆ ಸ್ವೆಟರ್ ಹೆಣೆದದ್ದನ್ನು ಅವಳು ಹೇಳುತ್ತಿದ್ದರೆ, ಪ್ರಭಾ ಊಟ ಮರೆತರು. ಮರುವಾರವೇ ಕಾರು ತೆಗೆದು ಒಬ್ಬರೇ ಆಸ್ಟಿನ್‌ಗೆ ಹೊರಟರು.

ನಿಶಿತಾಳ ಮೇಜಿನ ಮೇಲೆ ಪ್ರದರ್ಶನಕ್ಕಿಡುವ ಕೆಂಪು ಕಾರ್ಡಿಗನ್, ಅಂದರೆ ಮುಂದೆ ಗುಂಡಿಯಿರುವ ಸ್ವೆಟರ್, ಇತ್ತು. ಪಕ್ಕದ ಚೀಟಿಯಲ್ಲಿ ‘ಲಂಡನ್ ಸ್ಟುಡಿಯೋದಲ್ಲಿ ಕೈಯಿಂದ ತಯಾರಿಸಿದ್ದು’ ಎಂದಿತ್ತು.

“ಆಂಟಿ, ಗ್ಲೌಸ್ ಹಾಕ್ಕೊಳ್ಳಿ.”

“ಒಳಗಿಂದು ಹೊರಗ ಮಾಡವ್ವಾ ಅದನ್ನ,” ಅಂದರು ಪ್ರಭಾ. ಕುತ್ತಿಗೆಯ ಮೇಲೆ ಬೆರಳು ನಿಧಾನವಾಗಿ ಸರಿದು ಎಡ ಭುಜದ ಹತ್ತಿರ ನಿಂತಿತು. “ದಾರ ಇಲ್ಲಿ ಮುಗದೈತಿ. ಉಳಿದ ಫ್ಯಾಕ್ಟರಿಯವರು ಬೆನ್ನ ಹಿಂದ ಮುಗಸ್ತಿದ್ರು. ಎಡ ಭುಜಕ್ಕ ಮುಗಸೋದು ನಮ್ಮ ರೂಮಿನಾಗ ಮಾತ್ರ. ಇದು ಲಂಡನ್ದಲ್ಲ.”

“ಪ್ರೂಫ್ ಬೇಕಾಗತ್ತಲ್ಲ, ಆಂಟಿ.”

“ಮನ್ಯಾಗ ನನ್ನ ಒಂದು ಸ್ವೆಟರ್ ಐತಿ. ನಾನಽ ಹಾಕಿದ ಕಾಲರ್. ತರ್ತೀನಿ.”

ತಂದರು. ಎರಡು ಕುತ್ತಿಗೆಗಳನ್ನೂ ಭೂತಗನ್ನಡಿಯಲ್ಲಿ ನೋಡಿದ ಮೇಲೆ ನಿಶಿತಾಳ ಪ್ರೊಫೆಸರ್ ಫ್ಯಾಕ್ಟರಿಯ ಹಳೆಯ ಆರ್ಡರುಗಳನ್ನು ಲೆಸ್ಟರ್‌ನಿಂದ ತರಿಸಿದರು. ಅದೇ ಬಣ್ಣ, ಅದೇ ಡಿಸೈನು ಪಟ್ಟಿಯಲ್ಲಿತ್ತು. ಚೀಟಿ ಬದಲಾಯಿತು: ‘ಲೆಸ್ಟರ್, ಕಾಲರ್ ಕೂಡಿಸಿದವರು ಪ್ರಭಾ ಮತ್ತು ಸಂಗಡಿಗರು.’

ಪ್ರದರ್ಶನ ನೋಡಲು ಜೊತೆಗೆ ಬಂದಿದ್ದ ಅರವಿಂದ್ ಫೋಟೋ ತೆಗೆಯಲು ಮೊಬೈಲ್ ಎತ್ತಿದರೆ ಪ್ರಭಾ ಕೈ ಅಡ್ಡ ಹಿಡಿದರು.

“ಸಂಗಡಿಗರು ಅಂದ್ರ ಯಾರ್ರೀ? ಅವರಿಗೆ ಹೆಸರಿಲ್ಲೇನ್ರೀ?”

ಆ ರೂಮಿನಲ್ಲಿ ಪ್ರಭಾ ಜೊತೆ ಹನ್ನೊಂದು ಜನ ಹೆಂಗಸರಿದ್ದರು, ಹೆಚ್ಚಿನವರು ಗುಜರಾತಿಗಳು. ಒಂಬತ್ತು ಹೆಸರು ನೆನಪಿಗೆ ಬಂದವು. ಇನ್ನೆರಡಕ್ಕಾಗಿ ಮೂರು ವಾರ ತಹತಹಿಸಿದರು. ಲೆಸ್ಟರ್‌ನ ಗುಜರಾತಿ ಸಂಘಕ್ಕೆ ದಿನಾ ಬೆಳಿಗ್ಗೆ ಫೋನ್. ಕೊನೆಗೊಂದು ಸೋಮವಾರ ಮುದಿದನಿಯೊಂದು ಕೇಳಿಸಿತು: “ಪ್ರಭಾ? ಕಿಟಕಿ ಪಕ್ಕದ ಪ್ರಭಾ?”

ಮಂಜುಳಾಬೆನ್. ಮರೆತಿದ್ದ ಇಬ್ಬರಲ್ಲಿ ಒಬ್ಬಳು. ಇನ್ನೊಬ್ಬಳ ಹೆಸರನ್ನೂ ಅವಳೇ ಹೇಳಿದಳು. ಪ್ರಭಾ ಅಳುತ್ತಲೇ ಬರೆದುಕೊಂಡು, ಕಣ್ಣೊರೆಸಿಕೊಳ್ಳುವ ಮೊದಲೇ ಹನ್ನೊಂದೂ ಹೆಸರನ್ನು ಚೀಟಿಗೆಂದು ನಿಶಿತಾಗೆ ಕಳಿಸಿದರು.