ಗೋಕಟ್ಟೆ ಏರು ಹತ್ತಿಸಿದ ಸಾದಾ ಪೆಟ್ರೋಲು

ಮೊನ್ನೆ ನನ್ನ ಮೊಮ್ಮಗಳು ಹೊಸ ಮೋಟಾರ್ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದಳು. ಹೊನ್ನವಳ್ಳಿ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ. ಹೆಣ್ಣುಮಕ್ಕಳಿಗೆ ಅಂತ ಮಾಡಿದ ಸಣ್ಣ ಸ್ಕೂಟರ್ ಅಲ್ಲ ಸ್ವಾಮಿ, ಕಾಲಲ್ಲಿ ಗೇರು ಹಾಕುವ ಗಾಡಿ! ನನಗೆ ಹಿಗ್ಗು ತಡೆಯಲಾಗಲಿಲ್ಲ. ಗಾಡಿಯನ್ನು ಮೂರು ಸಲ ಸುತ್ತು ಬಂದೆ. ಸೀಟಿನ ಮೇಲಿನ ಪ್ಲಾಸ್ಟಿಕ್ ಕವರನ್ನೂ ಬಿಡದೆ ಸವರಿದೆ. ಹಾಲು ಹಾಕಲು ಹೋಗುತ್ತಿದ್ದವರನ್ನೆಲ್ಲ ನಿಲ್ಲಿಸಿ ತೋರಿಸಿದೆ. ಅವರ ಹಾಲು ಅವತ್ತು ಡೇರಿಗೆ ತಡವಾಗಿ ಹೋಗಿದ್ದರೆ ಅದಕ್ಕೆ ನಾನೇ ಕಾರಣ.

"ತಾತ, ಬಂಕಲ್ಲಿ ಸಾದಾ ಹಾಕ್ಲಾ, ಸ್ಪೆಷಲ್ ಹಾಕ್ಲಾ ಅಂತ ಕೇಳ್ತಾರೆ. ಯಾವ್ದು ಹಾಕಿಸ್ಲಿ?" ಅಂದಳು.

"ನನ್ನ ಕೇಳಬ್ಯಾಡ ಕಣವ್ವ. ನಿಮ್ಮಜ್ಜಿನ ಕೇಳು."

ಅವಳಿಗೆ ನಗು ಬಂತು. "ಅಜ್ಜಿಗೇನ್ ಗೊತ್ತು ತಾತ, ಪೆಟ್ರೋಲು!"

ಆ ಮಾತು ನನಗೆ ಸಹಿಸಲಾಗಲಿಲ್ಲ. ಅಜ್ಜಿಗೆ ಏನು ಗೊತ್ತು ಅನ್ನುವುದನ್ನು ಬರೆದೇ ಇಡುತ್ತೇನೆ, ಓದಿಕೊಳ್ಳಲಿ ಅಂತ ಕೂತಿದ್ದೇನೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಅದು ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ಹೆಂಡತಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ನಮ್ಮ ಮನೆತನಕ್ಕೆ ಬಂದ ಸೊಸೆಯರಲ್ಲಿ ಅಷ್ಟು ಓದಿದವಳು ಅವಳೊಬ್ಬಳೇ. ಶೆಟ್ಟಿಕೆರೆ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ಶಿಶುವಿಹಾರ ಶುರುವಾಯಿತು. ಅದಕ್ಕೆ ಟೀಚರ್ ಆಗಿ ಅವಳನ್ನು ತೆಗೆದುಕೊಂಡರು. ಒಂದೇ ಕೋಣೆ, ಇಪ್ಪತ್ತೈದು ಮಕ್ಕಳು, ಒಂದು ಹಲಗೆ, ಉಪ್ಪಿಟ್ಟು ಮಾಡಲು ಒಂದು ದೊಡ್ಡ ಪಾತ್ರೆ. ಆರ್ಡರಿನ ಕಾಗದ ಬಂದ ದಿನ ಅವಳು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಮದುವೆಯಾಗಿ ಬಂದ ಮೇಲೆ ಅವಳು ಇದು ನನ್ನದು ಅಂತ ಹೇಳಿಕೊಂಡ ಮೊದಲನೇ ವಸ್ತು ಆ ಕಾಗದ.

ತೊಂದರೆ ಏನೆಂದರೆ ಆ ಹಳ್ಳಿ ನಮ್ಮೂರಿಂದ ಒಂಬತ್ತು ಮೈಲಿ. ಅತ್ತ ಹೋಗುವ ಬಸ್ಸು ಅಲ್ಲಿ ಮುಟ್ಟುವುದು ಹನ್ನೊಂದು ಗಂಟೆಗೆ, ಶಿಶುವಿಹಾರದ ಬಾಗಿಲು ತೆಗೆಯಬೇಕಾದದ್ದು ಒಂಬತ್ತೂವರೆಗೆ. ಅದಕ್ಕೇ ನಾನು ಒಬ್ಬ ಗ್ರಾಮಸೇವಕರು ಬಿಟ್ಟುಕೊಟ್ಟ ಹಳೆಯ ಸಣ್ಣ ಮೋಟಾರ್ ಸೈಕಲ್ ತಂದೆ. ನೋಡಲು ಬಡಕಲು ಕರುವಿನ ಥರ ಇತ್ತು. ಆದರೆ ಅದನ್ನು ತುಳಿದು ಸ್ಟಾರ್ಟ್ ಮಾಡಿದಾಗ ಅರ್ಧ ಊರು ಬೀದಿಗೆ ಬಂದು ನಿಂತಿತ್ತು.

ದಾರಿಯಲ್ಲಿ ಒಂದು ಏರು ಇದೆ. ಕೆಳಗೆ ದನ ನೀರು ಕುಡಿಯುವ ಗೋಕಟ್ಟೆ ಇರುವುದರಿಂದ ಅದಕ್ಕೆ ಗೋಕಟ್ಟೆ ಏರು ಅಂತಲೇ ಹೆಸರು. ಮೊದಲ ಒಂದು ತಿಂಗಳು ಗಾಡಿ ಇಬ್ಬರನ್ನೂ ಹೊತ್ತು ಏರು ಹತ್ತಿತು. ಆಮೇಲೆ ಅರ್ಧಕ್ಕೆ ಬರುವಾಗ ಏದುಸಿರು ಬಿಟ್ಟು ನಿಲ್ಲಲು ಶುರುಮಾಡಿತು. ಇಂಜಿನ್ನು ಕೈ ಇಡಲಾಗದಷ್ಟು ಕಾಯುತ್ತಿತ್ತು. ಅದು ತಣ್ಣಗಾಗುವವರೆಗೆ ಕಾಯುವುದು, ಅವಳು ನಡೆಯುವುದು, ನಾನು ತಳ್ಳುವುದು. ಹತ್ತಕ್ಕೆ ಮುಟ್ಟಿದೆವು, ಹತ್ತೂಕಾಲಿಗೆ ಮುಟ್ಟಿದೆವು. ಮಕ್ಕಳು ಮುಚ್ಚಿದ ಬಾಗಿಲ ಮುಂದೆ ಬಿಸಿಲಲ್ಲಿ ಕೂತಿರುತ್ತಿದ್ದವು.

ಒಂದು ದಿನ ತಾಲ್ಲೂಕಿನಿಂದ ಮೇಲ್ವಿಚಾರಕಿ ಅಮ್ಮನವರು ಬಂದವರು ಅದನ್ನು ಕಣ್ಣಾರೆ ಕಂಡರು. ಕೆಟ್ಟವರೇನಲ್ಲ, ನೇರ ಮಾತಿನವರು. "ನೋಡಮ್ಮ, ನಿನ್ ಪಾಠ ಚೆನ್ನಾಗಿದೆ. ಆದ್ರೆ ಬಾಗಿಲು ತೆಗೆಯೋಕೇ ಟೀಚರಿಲ್ಲ ಅಂದ್ರೆ ನಾನೇನ್ ಮಾಡ್ಲಿ? ಮುಂದಿನ ಸೋಮವಾರ ಒಂಬತ್ತೂವರೆಗೆ ಬತ್ತೀನಿ. ಅವತ್ತೂ ಬೀಗ ಇದ್ರೆ ಈ ಊರಲ್ಲೇ ಇರೋ ಇನ್ನೊಬ್ಬಳಿಗೆ ಕೆಲಸ ಕೊಡ್ತೀನಿ" ಅಂದರು.

ವಾಪಸು ಬಂದ ಮೇಲೆ ನನ್ನವಳು ಆ ಆರ್ಡರಿನ ಕಾಗದವನ್ನು ತೆಗೆದು ಇನ್ನೊಂದು ಸಲ ಓದಿದಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ಯೋಚನೆ ಮಾಡಿದೆ. ಭಾರದ ಗಾಡಿ ಎಳೆಯುವ ಎತ್ತಿಗೆ ಒಳ್ಳೆ ಹಿಂಡಿ ಹಾಕುವುದಿಲ್ಲವೇ? ತಪ್ಪು ಮೇವಿನದ್ದೇ ಇರಬೇಕು. ಆಗ ತಿಪಟೂರಿನ ಬಂಕಿನಲ್ಲಿ ಎರಡು ಪಂಪು. ಒಂದರ ಮೇಲೆ ಎಂಬತ್ತಮೂರು, ಇನ್ನೊಂದರ ಮೇಲೆ ತೊಂಬತ್ತಮೂರು ಅಂತ ನಂಬರು. ನಾವೆಲ್ಲ ಎಂಬತ್ತಮೂರಕ್ಕೆ ಸಾದಾ, ತೊಂಬತ್ತಮೂರಕ್ಕೆ ಸ್ಪೆಷಲ್ ಅನ್ನುತ್ತಿದ್ದೆವು. ಸ್ಪೆಷಲ್ ಕಡೆ ಕಾರುಗಳು ನಿಲ್ಲುತ್ತಿದ್ದವು. ನೂರಕ್ಕೆ ತೊಂಬತ್ತಮೂರು ಮಾರ್ಕು ತೆಗೆದ ಪೆಟ್ರೋಲು ಅಂತ ನಾನು ತಿಳಿದಿದ್ದೆ. ಕ್ಲಾಸಿನಲ್ಲಿ ಎಂದೂ ಮೂವತ್ತೈದು ದಾಟದವನಿಗೆ ಇನ್ನೇನು ತೋಚುತ್ತೆ?

"ಸ್ಪೆಷಲ್ ಹಾಕಪ್ಪ" ಅಂದೆ ಬಂಕಿನವನಿಗೆ.

ಅವನು ನನ್ನ ಗಾಡಿಯನ್ನು ಮೇಲಿಂದ ಕೆಳಗೆ ನೋಡಿದ. "ಯಾಕಣ್ಣ, ಇದುಕ್ಕೇನ್ ಮದುವೆ ಮಾಡ್ತೀರಾ?"

"ಹಾಕೋ ಸುಮ್ಕೆ!"

ಇನ್ನೊಂದು ಗುಟ್ಟು ಇಲ್ಲಿ ಹೇಳಬೇಕು. ಆ ಗಾಡಿಗಳಿಗೆ ಪೆಟ್ರೋಲಿನ ಜೊತೆಗೇ ಇಂಜಿನ್ ಎಣ್ಣೆ ಬೆರೆಸಬೇಕಿತ್ತು. ಬಂಕಿನವನು ಸಣ್ಣ ಅಳತೆ ಡಬ್ಬಿಯಲ್ಲಿ ಅಳೆದು ಹುಯ್ಯುತ್ತಿದ್ದ. ನಾನು ಅದನ್ನು ಬೇಡ ಅನ್ನುತ್ತಿದ್ದೆ. ಮನೆಯಿಂದಲೇ ಒಂದು ಬಾಟಲಿ ತಂದಿರುತ್ತಿದ್ದೆ. ಏನದು? ನಮ್ಮ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ತೆಗೆಸಿದ ಎಣ್ಣೆ. ಮಗುವಿನ ಮೈಗೆ, ಹೆಂಗಸರ ತಲೆಗೆ, ಬಾಗಿಲ ಕೀಲಿಗೆ ಆಗುವ ಎಣ್ಣೆ ಇಂಜಿನ್ನಿಗೆ ಆಗದೇ? ಅದರಲ್ಲೂ ಒಂದು ಅಳತೆ ಅಂದರೆ ನಾನು ಎರಡು ಹುಯ್ಯುತ್ತಿದ್ದೆ. ಚಳಿಗಾಲದಲ್ಲಿ ಅದು ಗಟ್ಟಿಯಾಗುತ್ತಿತ್ತು, ಬೆಳಗ್ಗೆ ಬಾಟಲಿಯನ್ನು ಬಿಸಿಲಿಗೆ ಇಡುತ್ತಿದ್ದೆ. ನನ್ನವಳು ಅದು ನನ್ನ ತಲೆಗೆ ಅಂತ ತಿಳಿದಿದ್ದಳು. ನಮ್ಮ ಗಾಡಿ ಹಾದು ಹೋದರೆ ಯಾರ ಮನೆಯಲ್ಲೋ ವಡೆ ಕರಿಯುತ್ತಿದ್ದಾರೆ ಅಂತ ಜನ ಮೂಗರಳಿಸುತ್ತಿದ್ದರು. ನನಗೆ ಅದೂ ಹೆಮ್ಮೆಯೇ.

ಗುರುವಾರ ಸ್ಪೆಷಲ್ ಹಾಕಿಕೊಂಡು ಏರಿಗೆ ಬಂದೆವು. ನಾಲ್ಕು ಮಾರು ಹೆಚ್ಚು ಹತ್ತಿತು. ಮತ್ತೆ ನಿಂತಿತು. ನಾನು ಹಣೆ ಚಚ್ಚಿಕೊಂಡೆ. ಅವಳು ಮಾತ್ರ ಇಳಿಯದೆ ಹಿಂದೆ ಹಾಗೇ ಕೂತಿದ್ದಳು.

"ರೀ, ನಿನ್ನೆಗಿಂತ ಇವತ್ತು ಸದ್ದು ಕಮ್ಮಿ ಕಣ್ರೀ" ಅಂದಳು.

"ಯಾವ ಸದ್ದು?"

"ಏರು ಹತ್ತೋವಾಗ ಒಳಗೆ ಗೊಟಗೊಟ ಅಂತದಲ್ಲ, ಅದು. ನಿನ್ನೆ ಪೂರಾ ಒಣಗಿದ ಕಾಯಿ ಥರ ಗೊಟಗುಟ್ಟುತಿತ್ತು. ಇವತ್ತು ಇನ್ನೂ ಒಂಚೂರು ನೀರಿರೋ ಕಾಯಿ ಥರ."

"ಇಂಜಿನ್ನು ಅಂದಮೇಲೆ ಸದ್ದು ಮಾಡದೆ ಸೋಬಾನೆ ಹೇಳ್ತದೇನೇ?"

"ಟಪಟಪ ಬೇರೆ, ಇದು ಬೇರೆ. ಮಟ್ಟದ ದಾರೀಲಿ ಇರಲ್ಲ, ಏರಲ್ಲಿ ಮಾತ್ರ ಬತ್ತದೆ."

ಇಲ್ಲಿ ನಮ್ಮ ಸೀಮೆಯಲ್ಲದವರಿಗೆ ಒಂದು ಮಾತು. ನಾವು ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡು ಉಂಡೆಯಾಗುತ್ತದೆ. ಒಡೆಯದೆ ಅದನ್ನು ತಿಳಿಯಬೇಕಾದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕುಲುಕುಲು ಅಂದರೆ ಇನ್ನೂ ನೀರಿದೆ, ಗೊಟಗೊಟ ಅಂದರೆ ಆಗಿದೆ. ಈ ಕೆಲಸದಲ್ಲಿ ಅವಳನ್ನು ಮೀರಿಸುವವರು ನಮ್ಮ ಸುತ್ತಿನಲ್ಲಿ ಇರಲಿಲ್ಲ. ಎರಡು ಕೈಯಲ್ಲಿ ಎರಡು ಕಾಯಿ ಹಿಡಿದು, ಎರಡು ಕಿವಿಗೂ ಒಂದೊಂದು ಅಲ್ಲಾಡಿಸಿ, ಅತ್ತ ಒಂದು ಇತ್ತ ಒಂದು ಎಸೆಯುತ್ತಿದ್ದಳು. ಅವಳು ಆಗಿದೆ ಅಂದ ಕಾಯಿ ಒಡೆದರೆ ಒಂದು ದಿನಕ್ಕೂ ಹಸಿ ಬಂದದ್ದಿಲ್ಲ. ಆ ಕಿವಿಯ ಮಾತನ್ನು ನಾನು ಇಂಜಿನ್ನಿನ ವಿಷಯಕ್ಕೆ ನಂಬಲಿಲ್ಲ, ನನ್ನ ದಡ್ಡತನ.

ಶನಿವಾರ ಮಧ್ಯಾಹ್ನ ಅವಳೇ ನನ್ನನ್ನು ತಿಪಟೂರಿನ ಮೆಕ್ಯಾನಿಕ್ ಸಾಬರ ಅಂಗಡಿಗೆ ಹೊರಡಿಸಿದಳು. ಬೇವಿನ ಮರದ ಕೆಳಗೆ ಒಂದು ತಗಡಿನ ಶೆಡ್ಡು, ನೆಲವೆಲ್ಲ ಎಣ್ಣೆ. ಅವಳು ಸದ್ದಿನ ವಿಷಯ ಹೇಳಿದಳು. ಸಾಬರು ಕೈಯೊರೆಸುತ್ತಾ ಕೇಳಿಸಿಕೊಂಡರು.

"ಏರಲ್ಲಿ ಮಾತ್ರ?"

"ಹೂಂ. ಇಬ್ರೂ ಕೂತಿರೋವಾಗ."

"ಸ್ಪೆಷಲ್ ಹಾಕಿದಾಗ ಕಮ್ಮಿ, ಸಾದಾದಲ್ಲಿ ಜಾಸ್ತಿ?"

"ಅಷ್ಟೇ."

"ಅರೆ! ಟೀಚರಮ್ಮ, ನನ್ನತ್ರ ಮೂರು ವರ್ಷ ಕೆಲಸ ಕಲಿತವರಿಗೂ ಈ ಸದ್ದು ಕೇಳಿಸಲ್ಲ. ನಿಮಗ್ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ಅಟ್ಟದ ಮೇಲೆ ಕಲ್ತಿದ್ದು" ಅಂದಳು. ಸಾಬರಿಗೆ ಅರ್ಥವಾಯಿತು. ಅವರೂ ಇದೇ ಸೀಮೆಯವರಲ್ಲವೇ, ತಲೆದೂಗಿದರು.

ಆಮೇಲೆ ಅವರು ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ಆ ನಂಬರು ಜೋರಿಂದಲ್ಲ ಯಜಮಾನ್ರೇ, ತಾಳ್ಮೇದು. ತೊಂಬತ್ತಮೂರು ಅಂದ್ರೆ ಎಷ್ಟು ಅದುಮಿದ್ರೂ ಕಿಡಿ ಕೊಡೋವರ್ಗೂ ತಡ್ಕಂಡಿರ್ತದೆ. ಸಾದಾಗೆ ಅಷ್ಟು ತಾಳ್ಮೆ ಇಲ್ಲ. ಆದ್ರೆ ನಿಮ್ಮ ಗಾಡಿ ಅಷ್ಟು ಅದುಮೋ ಗಾಡಿನೇ ಅಲ್ಲ. ಇದುಕ್ಕೆ ಸಾದಾನೇ ಸರಿ. ಹಂಗಿದ್ರೂ ಕಿಡಿಗಿಂತ ಮೊದಲೇ ಒಳಗೆ ಹತ್ಕಂಡು ಪಿಸ್ಟನ್ ತಲೆಗೆ ಗುದ್ತಾ ಅದೆ. ಯಾಕೆ? ಬಿಚ್ಚಿ ನೋಡನ."

ಬಿಚ್ಚಿದರು. ಇಂಜಿನ್ನಿನ ತಲೆಯ ಒಳಗೆ ಕರ್ರಗೆ, ಗಟ್ಟಿಯಾಗಿ, ಹತ್ತು ವರ್ಷ ತೊಳೆಯದ ಒಲೆ ಮಡಕೆಯ ತಳದ ಹಾಗೆ ಮಸಿ ಕಟ್ಟಿತ್ತು. ಸಾಬರು ಒಂದು ಚೂರು ಕೆರೆದು ಬೆರಳಿಗೆ ತೆಗೆದುಕೊಂಡು ಮೂಗಿನ ಹತ್ತಿರ ತಂದರು. ನನ್ನ ಮುಖ ನೋಡಿದರು. ಟ್ಯಾಂಕಿನ ಮುಚ್ಚಳ ತೆಗೆದು ಅಲ್ಲೂ ಮೂಸಿದರು.

"ಯಜಮಾನ್ರೇ, ಇದುರಲ್ಲಿ ಒಬ್ಬಟ್ಟು ಬೇಯಿಸಿದ್ರಾ?"

ಬೇರೆ ದಾರಿ ಇರಲಿಲ್ಲ. ಬಾಟಲಿಯ ಕಥೆ ಪೂರ್ತಿ ಹೇಳಿದೆ. ಎರಡು ಅಳತೆಯದ್ದನ್ನೂ ಹೇಳಿದೆ. ಕೆಲಸ ಹೋಗುವ ಹಾಗೆ ಮಾಡಿದವನು ನಾನೇ ಅಂತ ಗೊತ್ತಾದ ಮೇಲೆ ನನ್ನವಳು ಏನು ಅನ್ನುತ್ತಾಳೋ ಅಂತ ತಲೆ ತಗ್ಗಿಸಿ ನಿಂತೆ. ಅವಳು ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು! ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಅಲ್ರೀ, ಅದುಕ್ಕೇ ದಿನಾ ನಂಗೆ ಏರು ಹತ್ತೋವಾಗ ಹಸಿವಾಗ್ತಿತ್ತು!"

ಸಾಬರೂ ನಕ್ಕರು. "ಈ ಮಸಿ ಕಾದು ಕೆಂಡ ಆಗಿ ಪೆಟ್ರೋಲಿಗೆ ಮೊದಲೇ ಬೆಂಕಿ ಹಚ್ತಿತ್ತು, ಅದೇ ಗೊಟಗೊಟ" ಅಂದರು. ಅವರು ಆ ಮಸಿಯನ್ನು ಕೆರೆದು ತೆಗೆಯಲು ಸಂಜೆಯವರೆಗೆ ಕೂತರು. ಸುಟ್ಟು ಗಟ್ಟಿಯಾದ ಕೊಬ್ಬರಿ ಎಣ್ಣೆ, ಸುಲಭಕ್ಕೆ ಬಿಡುತ್ತದೆಯೇ? ಪ್ಲಗ್ಗನ್ನು ಸುಟ್ಟು ಉಜ್ಜಿದರು, ಟ್ಯಾಂಕ್ ತೊಳೆದರು. ಎಷ್ಟು ತಾಳ್ಮೆಯ ಮನುಷ್ಯ ಅವರು! ತೊಂಬತ್ತಮೂರು ಅಂತ ಬರೆಯುವುದಾದರೆ ಅವರ ಶೆಡ್ಡಿನ ಮೇಲೆ ಬರೆಯಬೇಕಿತ್ತು. "ಸಾದಾ ಪೆಟ್ರೋಲು, ಬಂಕಿನ ಎಣ್ಣೆ ಒಂದೇ ಅಳತೆ. ಏರಲ್ಲಿ ಟೀಚರಮ್ಮ ಕೇಳಿಸ್ಕಳ್ಳಲಿ. ಗೊಟಗೊಟ ಅಂದ್ರೆ ಮಾತ್ರ ಸ್ಪೆಷಲ್. ಇಲ್ಲಾಂದ್ರೆ ಸಾದಾ. ಅಷ್ಟೇ ಲೆಕ್ಕ" ಅಂದರು.

ಆದರೂ ನನ್ನ ಮನಸ್ಸು ಕೇಳಬೇಕಲ್ಲ. ಸೋಮವಾರದ ಪರೀಕ್ಷೆಗೆ ಸಾದಾ ನಂಬಿ ಹೋಗುವುದೇ? ಸಾಬರ ಅಂಗಡಿಯಿಂದ ಬಂಕಿಗೆ ಬಂದವನು ಸುಮ್ಮನೆ ಗಾಡಿಯನ್ನು ಸ್ಪೆಷಲ್ ಪಂಪಿನ ಕಡೆಗೆ ತಿರುಗಿಸಿದೆ. ಹಿಂದಿನಿಂದ ಭುಜದ ಮೇಲೆ ಕೈ ಬಿತ್ತು.

"ಯಾಕ್ರೀ ಅತ್ಲಾಗೆ?"

"ಒಂದಿನ ಕಣೇ. ನಿನ್ ಕೆಲಸದ ಪ್ರಶ್ನೆ."

"ನನ್ ಕೆಲಸ ಅಂತ್ಲೇ ಹೇಳ್ತಿರೋದು. ಇವತ್ತು ಅದುನ್ನ ಹಾಕಿ ಹತ್ತಿದ್ರೆ, ಹತ್ತಿಸಿದ್ದು ಪೆಟ್ರೋಲೋ ಸಾಬ್ರ ಕೈಯೋ ಗೊತ್ತಾಗಲ್ಲ. ನಾಳಿದ್ದಿಂದ ದಿನಾ ನಂಗೆ ಎದೆ ಡವಡವ ಅಂತಿರ್ತದೆ. ಸಾದಾ ಹಾಕ್ಸಿ."

ಸಾದಾ ಹಾಕಿಸಿದೆ. ಒಂದು ಅಳತೆ ಎಣ್ಣೆ, ಕರ್ರಗಿನದು, ಬಂಕಿನದು. ನನ್ನ ಕೈ ಜೇಬಿನಲ್ಲಿದ್ದ ಬಾಟಲಿಯನ್ನು ಎರಡು ಸಲ ಮುಟ್ಟಿಕೊಂಡಿತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಬೆಳಗ್ಗೆ ಹೊರಟೆವು. ಗೋಕಟ್ಟೆ ಬಂತು. ಏರು ಶುರುವಾಗುವಾಗ ಅವಳು ಮುಂದಕ್ಕೆ ಬಗ್ಗಿ ಕಿವಿಯನ್ನು ನನ್ನ ತೊಡೆಯ ಪಕ್ಕಕ್ಕೆ, ಇಂಜಿನ್ನಿನ ಕಡೆಗೆ ಒಡ್ಡಿದಳು. ಒಂದು ಕೈಯಲ್ಲಿ ನನ್ನ ಅಂಗಿ, ಇನ್ನೊಂದರಲ್ಲಿ ಶಿಶುವಿಹಾರದ ಬೀಗದ ಕೈ. ನಾನು ಎರಡನೇ ಗೇರಿಗೆ ಹಾಕಿದೆ. ದಿನಾ ನಿಲ್ಲುತ್ತಿದ್ದ ಹುಣಸೆ ಮರ ಹತ್ತಿರ ಬಂತು.

"ಏನೇ?"

"ಮಾತಾಡಬ್ಯಾಡಿ."

ಹುಣಸೆ ಮರ ಹಿಂದೆ ಹೋಯ್ತು. ನನ್ನ ಕಿವಿಗೆ ನನ್ನ ಎದೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

"ಸದ್ದಿಲ್ಲ" ಅಂದಳು. ಸ್ವಲ್ಪ ಮುಂದೆ ಹೋದ ಮೇಲೆ ಮತ್ತೆ, ಜೋರಾಗಿ, "ಸದ್ದೇ ಇಲ್ಲ ಕಣ್ರೀ! ಹೊಡೀರಿ!" ಅಂದಳು.

ಏರು ಮುಗಿದಾಗ ನಾನು ಹಾರ್ನ್ ಒತ್ತಿದ್ದೇ ಒತ್ತಿದ್ದು. ದಾರಿಯಲ್ಲಿ ಒಂದು ಕುರಿಯೂ ಇರಲಿಲ್ಲ.

ಒಂಬತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಬೀಗ ತೆಗೆದಳು. ಮೇಲ್ವಿಚಾರಕಿ ಅಮ್ಮನವರು ಹೇಳಿದ ಸಮಯಕ್ಕೆ ಸರಿಯಾಗಿ ಬಂದಾಗ ಮಕ್ಕಳು ಸಾಲಾಗಿ ಕೂತು ಹಾಡು ಹೇಳುತ್ತಿದ್ದರು, ಒಲೆಯ ಮೇಲೆ ಉಪ್ಪಿಟ್ಟಿನ ನೀರು ಕುದಿಯುತ್ತಿತ್ತು. ಅವರು ಬಾಗಿಲಲ್ಲೇ ನಿಂತು ಗಡಿಯಾರ ನೋಡಿದರು, ಅವಳನ್ನು ನೋಡಿದರು, ಹೊರಗೆ ಕಲ್ಲಿನ ಮೇಲೆ ಕೂತಿದ್ದ ನನ್ನನ್ನೂ ನೋಡಿದರು. "ಸರಿ ಬಿಡಮ್ಮ, ಇನ್ನು ನಾನು ಬೆಳಗ್ಗೆ ಬೆಳಗ್ಗೆ ಬರೋದು ತಪ್ತು" ಅಂದರು. ಉಪ್ಪಿಟ್ಟು ತಿಂದೇ ಹೋದರು.

ಆ ಕೋಣೆಯಲ್ಲಿ ಅವಳು ಕೂದಲು ನೆರೆಯುವವರೆಗೂ ಟೀಚರಾಗಿದ್ದಳು. ಅವಳನ್ನು ಬಿಡಲು ಹೋದ ದಿನಗಳಲ್ಲಿ ನಾನು ಮಕ್ಕಳು ಮನೆಗೆ ಹೋಗುವವರೆಗೆ ಕಿಟಕಿಯ ಹೊರಗೆ ಕಾಯುತ್ತಿದ್ದೆ. ಸುಮ್ಮನೆ ಕೂತಿದ್ದೀರಲ್ಲ ಅಂತ ನನಗೂ ಒಂದು ಸ್ಲೇಟು ಕೊಡುತ್ತಿದ್ದಳು. ಇದನ್ನು ಬರೆಯುತ್ತಿರುವ ಒತ್ತಕ್ಷರಗಳೆಲ್ಲ ಅಲ್ಲಿಯವೇ.

ಮೊಮ್ಮಗಳ ಗಾಡಿಯ ವಿಷಯ ಹೇಳಿ ಮುಗಿಸುತ್ತೇನೆ. ಅವಳು ಕೊನೆಗೆ ಅಜ್ಜಿಯನ್ನೇ ಕೇಳಿದಳು. ಅಜ್ಜಿ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಸೀಟು ಹತ್ತಿ ಕೂತಳು, ಈ ವಯಸ್ಸಲ್ಲಿ! "ನಡಿ, ಗೋಕಟ್ಟೆ ಏರಿಗೆ ಹೋಗನ. ಸಾದಾ ಹಾಕ್ಸ್ಕೊಂಡೇ ಹೋಗನ" ಅಂದಳು. ಗೇಟಿನ ಹತ್ತಿರ ತಿರುಗಿ ನನಗೆ ಹೇಳಿದಳು: "ಬರೋವಷ್ಟರಲ್ಲಿ ಆ ಕೊಬ್ಬರಿ ಎಣ್ಣೆ ಬಾಟ್ಲಿ ಎತ್ತಿ ಒಳಗಿಡಿ. ಹೊಸ ಗಾಡಿ."