ಪೂಜೆಗೊಂಡ ಡ್ರಮ್ಮು

ಇದ್ದದ್ದನ್ನು ಇದ್ದ ಹಾಗೆ ಬಿಡುವ ಗುಣ ನನ್ನ ಜಾತಕದಲ್ಲೇ ಇಲ್ಲ. ಮನೆಗೆ ಹೊಸ ಮಿಕ್ಸರ್ ಬಂದರೆ ನನ್ನ ಹೆಂಡತಿ ಮೊದಲು ಸ್ಕ್ರೂಡ್ರೈವರ್ ಬಚ್ಚಿಡುತ್ತಾಳೆ. ಈ ಚಟಕ್ಕೇ ಕುಪವಾಡದ ಯಂತ್ರ ಕಾರ್ಖಾನೆಯವರು ಸಂಬಳ ಕೊಟ್ಟು, ವಿನ್ಯಾಸಕಾರ ಎಂದು ಕರೆಯುತ್ತಿದ್ದರು.

ಆ ವರ್ಷ ಪುಣೆಯ ಕಂಪನಿಯೊಂದು ನಮ್ಮನ್ನು ನುಂಗಿತು. ಕಾಗದದಲ್ಲಿ ಅದಕ್ಕೆ ವಿಲೀನವೆಂದು ಹೆಸರು. ಅರಿಸಿನದ ಕೊಂಬಿಗೆ ಹೊಳಪು ಕೊಡುವ ಡ್ರಮ್ಮು ಅವರದೂ ಒಂದಿತ್ತು, ನಾನು ಹೊಸದಾಗಿ ಮಾಡಿದ್ದೂ ಒಂದಿತ್ತು. ಉಳಿಯುವುದು ಒಂದೇ. ಸೋತವರ ವಿನ್ಯಾಸ ವಿಭಾಗಕ್ಕೆ ಬೀಗ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ ಎನ್ನುವಂತಾಯಿತು ನನಗೆ.

ಪುಣೆಯಿಂದ ಬಂದ ಮೇಡಂ ಮರಾಠಿಯಲ್ಲಿ ಉಪದೇಶ ಮಾಡಿದರು: ಮಾದರಿಯನ್ನು ಪ್ರೀತಿಸಬೇಡಿ, ಬಳಸುವವರ ಕೈಗೆ ಕೊಡಿ, ತಪ್ಪು ಬೇಗ ಸಿಕ್ಕಷ್ಟೂ ಒಳ್ಳೆಯದು. ಕೊಟ್ಟೆವು. ಕಸಬೆ ಡಿಗ್ರಜ ಎಂಬ ಹಳ್ಳಿಯಲ್ಲಿ ಅರಿಸಿನದ ಕೆಲಸ ಮಾಡುವ ಹೆಣ್ಣುಮಕ್ಕಳ ಬುಟ್ಟಿ ನನ್ನ ಡ್ರಮ್ಮಿನ ಬಾಗಿಲಲ್ಲೇ ಸಿಕ್ಕಿಕೊಂಡಿತು. ಬಾಗಿಲು ಕೊಯ್ದು ಅಗಲ ಮಾಡಿದರೆ ಮುಗಿಯಿತು. ಆದರೆ ಅಷ್ಟರಲ್ಲಿ ಖಂಡೆಪೂಜೆ, ಅದೇ ಆಯುಧಪೂಜೆ, ಆಗಿಹೋಗಿತ್ತು. ಫಿಟ್ಟರ್ ಮಲ್ಲಪ್ಪ ಕಾಕಾ ಆ ಡ್ರಮ್ಮಿಗೂ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದುಬಿಟ್ಟಿದ್ದರು.

"ಪೂಜಿ ಆದದ್ದರ ಮ್ಯಾಲೆ ಗರಗಸ ಹ್ಯಾಂಗ ಇಡೂದ್ರಿ ಸಾಹೇಬ್ರ?" ಎಂದರು ಕಾಕಾ.

ಲೇತ್ ಮಷೀನಿಗೂ ಪೂಜೆಯಾಗಿದೆ, ಅದನ್ನು ಬಿಚ್ಚುವುದಿಲ್ಲವೇ ಎಂದೆ. ಬಿಚ್ಚುವುದು ಬೇರೆ, ಕೊಯ್ಯುವುದು ಬೇರೆಯಂತೆ. ನನಗೆ ಸಿಟ್ಟು ಬಂತು. ಆದರೆ ನಿಜ ಹೇಳಲೇ? ಗರಗಸ ಎತ್ತಲು ನನಗೂ ಕೈ ಬರಲಿಲ್ಲ.

ಗಣಪತಿಯನ್ನು ಕೃಷ್ಣೆಗೆ ಬಿಡುವ ಮುನ್ನ ಉತ್ತರಪೂಜೆ ಮಾಡಿ ಮೂರ್ತಿಯನ್ನು ತುಸು ಅಲುಗಿಸುತ್ತೇವಲ್ಲ; ಅಲ್ಲಿಗೆ ದೇವರು ಎದ್ದ, ಉಳಿದದ್ದು ಮಣ್ಣು. ಕೊನೆಗೆ ಅದೇ ದಾರಿ ಹಿಡಿದೆವು. ಕಾಕಾ ಅಕ್ಷತೆ ಹಾಕಿ, ಮೊಸರವಲಕ್ಕಿಯ ನೈವೇದ್ಯ ತೋರಿಸಿ, ಡ್ರಮ್ಮನ್ನು ಅಲುಗಿಸಿದರು. "ಆತು. ಕೊಯ್ರಿ ಈಗ." ಪ್ರೀತಿಸಲೇಬೇಡಿ ಎನ್ನುವ ಪುಣೆಯ ಪಾಠಕ್ಕಿಂತ, ಮನಸಾರೆ ಪೂಜಿಸಿ ಹೊತ್ತಿಗೆ ಸರಿಯಾಗಿ ಬೀಳ್ಕೊಡುವ ನಮ್ಮ ಪದ್ಧತಿಯೇ ವಾಸಿ ಎನಿಸಿತು.

ಬಾಗಿಲು ಅಗಲವಾಯಿತು, ಬುಟ್ಟಿ ಒಳಹೊಕ್ಕಿತು, ನಮ್ಮ ಡ್ರಮ್ಮೇ ಉಳಿಯಿತು. ಆದರೆ ಅದರ ಮೇಲೆ ಪುಣೆಯ ಹೆಸರಿರಬೇಕೆಂದು ಆದೇಶ ಬಂತು. ನಮ್ಮ ಕಾರ್ಖಾನೆಯ ಹೆಸರಿದ್ದ ಹಿತ್ತಾಳೆಯ ಪಟ್ಟಿಯನ್ನು ತೆಗೆಯಬೇಕು. ಪಟ್ಟಿಯ ಮೇಲೆ ಅಂಗೈ ಇಟ್ಟು ನಾನೇ ಮೆಲ್ಲಗೆ ಅಲುಗಿಸಿದೆ. ಇನ್ನೊಮ್ಮೆ ಅಲುಗಿಸಿದೆ. ಅಲುಗಿಸುತ್ತಲೇ ನಿಂತೆ.

"ಸಾಕ್ರಿ ಸಾಹೇಬ್ರ," ಎಂದರು ಕಾಕಾ. "ದೇವ್ರು ಆವಾಗ್ಲೇ ಎದ್ದು ಹೋಗ್ಯಾನ. ನೀವೇ ಇನ್ನೂ ಕೈ ಬಿಟ್ಟಿಲ್ಲ."