ವಿಡಿಯೊ ಕಾಲ್ ನಿಂತಾಗ ಅಕ್ಕ ಸಿಕ್ಕಿದಳು

ನಂಜನಗೂಡಿನಿಂದ ಹೊರಟ ಬಸ್ಸು ತಿ. ನರಸೀಪುರದ ನಿಲ್ದಾಣದೊಳಗೆ ತಿರುಗುತ್ತಿದ್ದಾಗ ಕಿಟಕಿಯಿಂದ ನೋಡುತ್ತೇನೆ, ಕೆಳಗೆ ನನ್ನ ಅಕ್ಕ ಚೀಲ ಹಿಡಿದು ನಿಂತಿದ್ದಾಳೆ. ನಾನು ಬರುವುದು ಅವಳಿಗೆ ಗೊತ್ತೇ ಇರಲಿಲ್ಲ.

ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತೂ ಬಾರದು. ಚಿಕ್ಕಂದಿನಲ್ಲಿ ನಾವೇ ಕಟ್ಟಿಕೊಂಡ ಕೈಸನ್ನೆಯಲ್ಲಿ ದಿನಾ ಸಂಜೆ ವಿಡಿಯೊ ಕಾಲ್ ಮಾಡಿ ಹರಟುತ್ತಿದ್ದೆವು. ಆ ವಾರ ಅದು ನಿಂತುಹೋಯಿತು. ಅವಳದು ಹಳೆಯ ಫೋನ್, ಹೊಸ ಆಪರೇಟಿಂಗ್ ಸಿಸ್ಟಂ ಅದಕ್ಕೆ ಬರುವುದಿಲ್ಲ, ಹಳೆಯದರಲ್ಲಿ ಆ್ಯಪ್ ಓಡುವುದಿಲ್ಲ ಎಂದು ಅಂಗಡಿಯವರು ಕೈಚೆಲ್ಲಿದರು.

"ಬರೀ ಆ ಫೋನೇ ನೋಡ್ಕಂಡು ಕುಂತವ್ಳೆ, ಊಟನೂ ಸೇರ್ತಿಲ್ಲ ಕಣವ್ವ" ಎಂದು ಭಾವ ತಮ್ಮ ಕೀಪ್ಯಾಡ್ ಫೋನಿನಿಂದ ಹೇಳಿದಾಗ ಮನಸ್ಸು ತಡೆಯಲಿಲ್ಲ. ಹೊರಟುಬಿಟ್ಟೆ.

ಅಕ್ಕನೂ ನನ್ನನ್ನು ಕಂಡಳು. ನಿನ್ನ ಮನೆಗೇ ಹೊರಟಿದ್ದೆ ಎಂದು ಕೈಯಾಡಿಸಿದಳು. ನಾನು ಸೀಟಿನಿಂದ ಏಳದೆ, ಕಿಟಕಿಯಲ್ಲೇ ಉತ್ತರ ಕೊಡತೊಡಗಿದೆ. ವಾರದ ಸುದ್ದಿಯೆಲ್ಲ ಉಳಿದಿತ್ತಲ್ಲ, ಬಸ್ಸು ಖಾಲಿಯಾದದ್ದೇ ತಿಳಿಯಲಿಲ್ಲ.

"ಇಳ್ಕಂಡು ಮಾತಾಡ್ಕಳಿ ಕಣಮ್ಮ, ಬಸ್ಸು ಇನ್ನು ಮುಂದಕ್ಕೋಗಕಿಲ್ಲ" ಎಂದು ಕಂಡಕ್ಟರ್ ನಕ್ಕರು.

ಇಳಿದದ್ದೇ ತಡ, ಅಕ್ಕ ಬಿಗಿಯಾಗಿ ತಬ್ಬಿಕೊಂಡಳು. ತಬ್ಬಿಕೊಂಡಿದ್ದಷ್ಟು ಹೊತ್ತು ಇಬ್ಬರಿಗೂ ಮಾತಾಡಲು ಕೈ ಬಿಡುವಿರಲಿಲ್ಲ.

ಈಗ ಅಕ್ಕನಿಗೆ ಬೇರೆ ಫೋನ್ ಬಂದಿದೆ, ಸಂಜೆಯ ಹರಟೆಯೂ ನಡೆದಿದೆ. ಆದರೂ ಆಗಾಗ ಇಬ್ಬರಲ್ಲೊಬ್ಬರು ಬಸ್ಸು ಹತ್ತುತ್ತೇವೆ. ನಗು ತಡೆಯಲಾರದೆ ಅವಳು ನನ್ನ ತೊಡೆಗೆ ಬಾರಿಸುವ ಏಟು ಫೋನಿನಲ್ಲಿ ಸಿಗುವುದಿಲ್ಲ.